ಒಂದು ಮೂಲೆ ಮಾತ್ರ ಮಸುಕು: ಲೇಸರ್ ಸೋರ್ಸ್ ಹೋಯಿತಾ, ಇಲ್ಲ ನಾನೇ ಎಡವಟ್ಟು ಮಾಡಿದೆನಾ?

ನಾಮಫಲಕ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 30 ವ್ಯಾಟಿನ ಫೈಬರ್ ಲೇಸರ್ ಮಾರ್ಕಿಂಗ್ ಮಷಿನ್ ಇದೆ. ತಗೊಂಡು ಮೂರು ವರ್ಷ ಆಯಿತು. 110ಕ್ಕೆ 110 ಮಿಲಿಮೀಟರ್ ಜಾಗಕ್ಕೆ ಮಾರ್ಕ್ ಮಾಡುವ ಲೆನ್ಸ್, ಕಂಪ್ಯೂಟರ್ ಕ್ಯಾಬಿನೆಟ್ ಒಳಗೇ ಇದೆ. ಕೆಲಸ ಒಂದೇ ಥರದ್ದು. ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳ ಮೇಲೆ ಸೀರಿಯಲ್ ನಂಬರು, ತಾರೀಖು, ಒಂದು ಲೋಗೋ. ಜಿಗ್‌ನಲ್ಲಿ ಒಂಬತ್ತು ಪ್ಲೇಟು ಜೋಡಿಸುವುದು, ಪೆಡಲ್ ಒತ್ತುವುದು, ತೆಗೆಯುವುದು, ಮತ್ತೆ ಜೋಡಿಸುವುದು.

ಎರಡು ತಿಂಗಳಿಂದ ಬಲಗಡೆ ಕೆಳಗಿನ ಮೂಲೆಯ ಪ್ಲೇಟು ಮಸುಕಾಗಿ ಬರುತ್ತಿದೆ. ಮೊದಲು 40 ಪರ್ಸೆಂಟ್ ಪವರ್ ಸಾಕಾಗುತ್ತಿತ್ತು. 55 ಮಾಡಿದೆ. ಆಮೇಲೆ 70. ಈಗ 90ರಲ್ಲಿ ಓಡುತ್ತಿದೆ. ಆ ಮೂಲೆ ಹೇಗೋ ಓದುವ ಹಾಗೆ ಬರುತ್ತದೆ, ಆದರೆ ನಡುವಿನ ಪ್ಲೇಟಿನಲ್ಲಿ ಅಕ್ಷರದ ಅಂಚು ಎದ್ದು ಬೆರಳಿಗೆ ಗರಗರ ಅಂತ ತಾಗುತ್ತದೆ. ಮಷಿನ್ ಕೊಟ್ಟವರಿಗೆ ಫೋನ್ ಮಾಡಿದರೆ, ಫೋನಿನಲ್ಲೇ "ಸೋರ್ಸ್ ವೀಕ್ ಆಗಿದೆ, ಹೊಸದು ಹಾಕಿಸಿ" ಅಂದರು. ಸೋರ್ಸ್ ಅಂದರೆ ಲೇಸರ್ ಬೆಳಕು ಹುಟ್ಟಿಸುವ ಡಬ್ಬಿ. ಅದಕ್ಕೆ ಕೇಳುವ ದುಡ್ಡಲ್ಲಿ ಇನ್ನೊಂದು ಮಷಿನ್ನೇ ಅರ್ಧ ಬರುತ್ತದೆ.

ಒಂದು ನಿಜ ಹೇಳಿಬಿಡುತ್ತೇನೆ, ಬೈಯಬೇಡಿ. ಮೂರು ವರ್ಷದಲ್ಲಿ ಮೆಂಟೆನೆನ್ಸ್ ಅಂತ ನಾನು ಮಾಡಿದ್ದು ಹೊರಗಡೆ ಬಟ್ಟೆ ಹಾಕಿ ಒರೆಸಿದ್ದು, ಅಷ್ಟೇ. ನಿಜವಾಗಿ ಏನೇನು ಮಾಡಬೇಕು, ಎಷ್ಟು ದಿನಕ್ಕೊಮ್ಮೆ?

ಪೆನ್‌ಮಾರ್ಕ್
ಲೆನ್ಸ್ ಒರೆಸಿ ಸ್ವಾಮಿ. ಅಷ್ಟೇ.

ಗಾಲ್ವೋಗುರು
ಸೋರ್ಸ್ ಬದಲಾಯಿಸಲೇಬೇಡಿ, ಇನ್ನೂ ಯಾರ ಮಾತೂ ಕೇಳಬೇಡಿ. ಸೋರ್ಸ್ ಸೊರಗಿದರೆ ಇಡೀ ಫೀಲ್ಡೇ, ಅಂದರೆ ಲೇಸರ್ ಮುಟ್ಟುವ ಜಾಗವೆಲ್ಲಾ ಸೊರಗುತ್ತದೆ. ಒಂದೇ ಬೆಳಕು ತಾನೇ ಒಂಬತ್ತೂ ಪ್ಲೇಟಿಗೆ ಹೋಗುವುದು? ಅದು ಬಲಗಡೆ ಮೂಲೆಗೆ ಬಂದಾಗ ಮಾತ್ರ ಸುಸ್ತಾಗುವುದಿಲ್ಲ. ಒಂದು ಮೂಲೆ ಮಾತ್ರ ಮಸುಕು ಅಂದರೆ ಲೆನ್ಸು, ಇಲ್ಲ ಬೆಡ್ (ಪ್ಲೇಟು ಇಡುವ ಹಾಸು) ಲೆವೆಲ್ಲು, ಇಲ್ಲ ಜಿಗ್ಗು. ಅಪರೂಪಕ್ಕೆ ಗಾಲ್ವೋ ಕನ್ನಡಿ, ಅಂದರೆ ಬೆಳಕನ್ನು ಆಚೀಚೆ ತಿರುಗಿಸುವ ಪುಟ್ಟ ಕನ್ನಡಿ.

ಜಿಗ್ ತೆಗೆದುಬಿಡಿ. ಒಂದೇ ದೊಡ್ಡ ಚಪ್ಪಟೆ ತಗಡು ಇಡಿ, ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಆದರೆ ಒಳ್ಳೆಯದು. ಒಂಬತ್ತು ಕಡೆ 10 ಮಿಲಿಮೀಟರ್‌ನ ಚೌಕ, ಒಳಗೆ ಹ್ಯಾಚ್ (ಒತ್ತೊತ್ತು ಗೆರೆ) ತುಂಬಿ, 40 ಪರ್ಸೆಂಟಿನಲ್ಲಿ ಹೊಡೆಯಿರಿ. ಆಮೇಲೆ ಅದೇ ತಗಡನ್ನು ತಿರುಗಿಸಿ ಇಟ್ಟು, ಹಿಂಬದಿಗೆ ಅದನ್ನೇ ಹೊಡೆಯಿರಿ. ಮಸುಕು ತಗಡಿನ ಜೊತೆ ತಿರುಗಿದರೆ ತಗಡೇ ಡೊಂಕು. ಮಷಿನ್ನಿನ ಅದೇ ಮೂಲೆಯಲ್ಲಿ ಕೂತಿದ್ದರೆ ಮಷಿನ್ನಿನದೇ ತೊಂದರೆ.

ಮಾಪಕ
@ಪೆನ್‌ಮಾರ್ಕ್ "ಲೆನ್ಸ್ ಒರೆಸಿ" ಅಂತ ಸುಮ್ನೆ ಹೇಳಿ ಹೋಗಬೇಡಿ ಮಾರಾಯ್ರೆ. ಹೀಗೆ ಕೇಳಿಕೊಂಡು ಹೋದವರು ಅಂಗಿಯ ತುದಿಯಲ್ಲೇ ಒರೆಸುತ್ತಾರೆ. ಆಮೇಲೆ ಅದೇ ಲೆನ್ಸ್ ಹಿಡಿದುಕೊಂಡು ಇಲ್ಲಿಗೆ ಬರುತ್ತಾರೆ.

ನಾಮಫಲಕ
ಅಂಗಿಯ ತುದಿ ಅಲ್ಲ. ಕನ್ನಡಕ ಒರೆಸುವ ಬಟ್ಟೆ. ಹೋದ ತಿಂಗಳು, ಒಂದೇ ಸಲ. ಬಾಯಿಂದ ಹಾ ಅಂತ ಉಸಿರು ಬಿಟ್ಟು ಒರೆಸಿದೆ. ತಪ್ಪಾಯಿತಾ?

ಮಾಪಕ
ಮುಗೀತು.

ಸರ್ವಿಸ್‌ಬ್ಯಾಗ್
ಹೆದರಿಸಬೇಡಿ ಪಾಪ. ನಾನು ಹದಿನಾಲ್ಕು ವರ್ಷದಿಂದ ಇಂಥ ಮಷಿನ್ ರಿಪೇರಿ ಮಾಡುತ್ತಿದ್ದೇನೆ, ಇದಕ್ಕಿಂತ ಕೆಟ್ಟದ್ದು ನೋಡಿದ್ದೇನೆ. ಒಬ್ಬರು ಪಾತ್ರೆ ತಿಕ್ಕುವ ಪುಡಿ ಹಾಕಿ ಲೆನ್ಸ್ ತೊಳೆದಿದ್ದರು. ಹೊಳೆಯುತ್ತಿತ್ತು, ನಿಜ. ಕೋಟಿಂಗೇ ಇರಲಿಲ್ಲ.

ಸರಿಯಾದ ಕ್ರಮ ಹೇಳುತ್ತೇನೆ. ಮೇನ್ ಆಫ್ ಮಾಡಿ. ಸಾಫ್ಟ್‌ವೇರ್ ಮುಚ್ಚಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ನೀವು ಕೆಳಗಿನಿಂದ ಲೆನ್ಸಿಗೆ ಮುಖ ಕೊಟ್ಟು ನೋಡುತ್ತಿರುವಾಗ ಯಾರೋ ಪೆಡಲ್ ತುಳಿದರೆ ಕಣ್ಣು ವಾಪಸ್ ಬರುವುದಿಲ್ಲ. ಆಮೇಲೆ ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಏನೂ ಕಾಣುವುದಿಲ್ಲ. ಓರೆಯಾಗಿ ಹಿಡಿದರೆ ಧೂಳಿನ ಚುಕ್ಕೆ, ಬೆರಳಿನ ಗೆರೆ, ಹೊಗೆಯ ಪೊರೆ ಎಲ್ಲಾ ಎದ್ದು ಕಾಣುತ್ತದೆ. ಏನೂ ಕಾಣದಿದ್ದರೆ ಮುಟ್ಟಬೇಡಿ. ಕ್ಯಾಪ್ ಹಾಕಿ ಎದ್ದು ಬನ್ನಿ.

ಕಂಡರೆ ಮೊದಲು ಕೈಯಲ್ಲಿ ಒತ್ತುವ ರಬ್ಬರ್ ಬುರುಡೆಯಿಂದ ಗಾಳಿ ಊದಿ. ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ಎಣ್ಣೆ ಇರುತ್ತದೆ, ನೀರೂ ಇರುತ್ತದೆ. ಬಾಯಿಂದಲೂ ಬೇಡ, ಎಂಜಲು ಹಾರುತ್ತದೆ. ಊದಿದ ಮೇಲೂ ಪೊರೆ ಉಳಿದಿದ್ದರೆ ಮಾತ್ರ ಲೆನ್ಸ್ ಟಿಶ್ಯೂ ತಗೊಳ್ಳಿ. ಜೊತೆಗೆ 99 ಪರ್ಸೆಂಟ್ ಮೇಲಿನ ಐಸೊಪ್ರೊಪೈಲ್ ಆಲ್ಕೊಹಾಲ್. ಕೈಗೆ ಪೌಡರ್ ಇಲ್ಲದ ಗ್ಲೌಸ್. ಟಿಶ್ಯೂ ಮೇಲೆ ಎರಡು ತೊಟ್ಟು ಹಾಕಿ ಲೆನ್ಸಿನ ಮೇಲೆ ಮಲಗಿಸಿ, ಒಂದೇ ದಿಕ್ಕಿಗೆ ನಿಧಾನ ಎಳೆಯಿರಿ. ಒತ್ತಬೇಡಿ, ಟಿಶ್ಯೂ ತೂಕವೇ ಸಾಕು. ಒಂದು ಎಳೆತಕ್ಕೆ ಒಂದು ಟಿಶ್ಯೂ, ಆಮೇಲೆ ಬಿಸಾಕಿ. ಉಳಿಸೋಕೆ ಹೋಗಿ ಅದನ್ನೇ ತಿರುಗಿಸಿ ಎಳೆದರೆ, ಈಗ ತಾನೇ ತೆಗೆದ ಧೂಳಲ್ಲೇ ಗೀಚಿದ ಹಾಗೆ. ಒಣ ಟಿಶ್ಯೂ ಯಾವತ್ತೂ ತಾಗಿಸಬೇಡಿ.

ಪೂರ್ತಿ ಒಣಗುವ ತನಕ ಮಷಿನ್ ಆನ್ ಮಾಡಬೇಡಿ. ಆ ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ಬಾಟಲಿಯನ್ನು ಬೆಡ್ ಮೇಲೆ ಇಟ್ಟು ಮರೆಯುವವರೂ ಇದ್ದಾರೆ.

ಗಾಲ್ವೋಗುರು
ಎಲ್ಲಾ ಸರಿ, ಒಂದು ತಿದ್ದುಪಡಿ. ಇಂಥ ಮಷಿನ್ನಿನಲ್ಲಿರುವ ಎಫ್-ಥೀಟಾ ಲೆನ್ಸಿನ ಗಾಜು ಸುತ್ತಲಿನ ಬಳೆಗಿಂತ ಸ್ವಲ್ಪ ಒಳಗೆ ಇರುತ್ತದೆ. ಅದಕ್ಕೆ ಮಲಗಿಸಿ ಎಳೆಯುವ ವಿದ್ಯೆ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟಿಶ್ಯೂ ಮಡಚಿ ಚಿಮಟದಲ್ಲಿ ಹಿಡಿದು, ನೆನೆಸಿ, ಹೆಚ್ಚಾದ್ದನ್ನು ಕೊಡವಿ, ನಡುವಿನಿಂದ ಹೊರಗೆ ಸುತ್ತುತ್ತಾ ಬನ್ನಿ. ಕೊಳೆ ಅಂಚಿಗೆ ಬರಬೇಕು, ನಡುವಿಗೆ ಅಲ್ಲ.

ಸರ್ವಿಸ್‌ಬ್ಯಾಗ್
ಒಪ್ಪಿದೆ. ಬರೆಯುವಾಗ ನನ್ನ ತಲೆಯಲ್ಲಿ ರಕ್ಷಣೆಗೆ ಹಾಕುವ ಚಪ್ಪಟೆ ಗಾಜು ಇತ್ತು.

ಹೊಗೆಬಂಡಿ
ನಾನು ಪ್ರತಿ ಸೋಮವಾರ ಬೆಳಿಗ್ಗೆ ಒರೆಸುತ್ತೇನೆ. ಕಾಣಲಿ ಬಿಡಲಿ. ಐದು ವರ್ಷ ಆಯಿತು, ಏನೂ ಆಗಿಲ್ಲ. ಶಿಸ್ತು ಅಂತ ಒಂದು ಇರಬೇಕಲ್ವಾ?

ಮಾಪಕ
ಶಿಸ್ತು ನೋಡುವುದರಲ್ಲಿ ಇರಲಿ, ಒರೆಸುವುದರಲ್ಲಿ ಬೇಡ. ಲೆನ್ಸ್ ಮೇಲಿನ ಕೋಟಿಂಗ್ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಪ್ರತಿ ಸಲ ಒರೆಸಿದಾಗಲೂ ಒಂದು ಸಣ್ಣ ಗೀರಿಗೆ ಅವಕಾಶ ಕೊಟ್ಟ ಹಾಗೆ. ವರ್ಷಕ್ಕೆ 52 ಸಲ ಯಾಕೆ ಕೊಡಬೇಕು?

ಹೊಗೆಬಂಡಿ
ನೀವು ಸ್ಟೀಲ್ ಹೊಡೆಯುತ್ತೀರಿ, ಧೂಳು ಕಡಿಮೆ. ನಾನು ಹೊಡೆಯುವುದು ರಬ್ಬರ್ ಮತ್ತು ಬಣ್ಣ ಬಳಿದ ತಗಡು. ಹೊಗೆ ಅಂಟಂಟು, ವಾರ ಬಿಟ್ಟರೆ ಲೆನ್ಸ್ ಮೇಲೆ ಜಿಡ್ಡು ಕೂರುತ್ತದೆ. ಆ ಜಿಡ್ಡು ಬೆಳಕು ಹೀರಿ ಕಾದು ಅಲ್ಲೇ ಬೇಯುತ್ತದೆ. ಬೆಂದ ಮೇಲೆ ಯಾವ ಆಲ್ಕೊಹಾಲಿಗೂ ಬಗ್ಗುವುದಿಲ್ಲ. ಎಲ್ಲರಿಗೂ ಒಂದೇ ಕ್ಯಾಲೆಂಡರ್ ಹಂಚಬೇಡಿ.

ಮಾಪಕ
ಅದನ್ನೇ ನಾನೂ ಹೇಳಿದ್ದು! ಕ್ಯಾಲೆಂಡರ್ ಬೇಡ ಅಂತ.

ಹೊಗೆಬಂಡಿ
ಹಾಗಾದರೆ ಇಬ್ಬರೂ ಒಂದೇ ಮಾತಿಗೆ ಜಗಳ ಆಡುತ್ತಿದ್ದೇವೆ.

ಸರ್ವಿಸ್‌ಬ್ಯಾಗ್
ಹೊಗೆ ಜಾಸ್ತಿ ಇರುವವರು ಒರೆಸುವ ಮೊದಲು ಎಕ್ಸಾಸ್ಟ್ ನೋಡಿ. ಪೈಪಿನ ಬಾಯಿ ಜಾಬಿನ ಪಕ್ಕದಲ್ಲೇ ಇರಬೇಕು. ಮೊಳ ದೂರ ಇಟ್ಟರೆ ಹೊಗೆ ನೇರ ಮೇಲೆ ಹೋಗಿ ಲೆನ್ಸನ್ನೇ ಮುತ್ತುತ್ತದೆ. ಫಿಲ್ಟರ್ ಕಟ್ಟಿದ್ದರೆ ಮೋಟಾರ್ ಶಬ್ದ ಮಾತ್ರ ಬರುತ್ತದೆ, ಎಳೆತ ಇರುವುದಿಲ್ಲ. ಪೈಪಿನ ಬಾಯಿಗೆ ಒಂದು ಕಾಗದದ ಚೂರು ಹಿಡಿಯಿರಿ. ಕಚ್ಚಿಕೊಂಡರೆ ಸರಿ, ಬಿದ್ದರೆ ಫಿಲ್ಟರ್ ಬದಲಾಯಿಸಿ. ಲೆನ್ಸ್ ಕೆಳಗೆ ತಿರುಗಿಸಿ ಹಾಕುವ ರಕ್ಷಣೆ ಗಾಜು ಸಿಗುತ್ತದೆ, ಹಾಳಾದರೆ ಅದನ್ನು ಬಿಸಾಕಬಹುದು. ನಿಮ್ಮ ಲೇಸರಿನ ತರಂಗಾಂತರಕ್ಕೆ ಕೋಟಿಂಗ್ ಇರುವುದೇ ಆಗಬೇಕು, ಕಿಟಕಿ ಗಾಜು ಕತ್ತರಿಸಿ ಹಾಕಬೇಡಿ.

ರಬ್ಬರ್‌ಸ್ಟಾಂಪ್
ಹೊಗೆ ಮಾತು ಬಂತಲ್ಲ, ಪಿವಿಸಿ ಮಾತ್ರ ಯಾವ ಲೇಸರಿಗೂ ಕೊಡಬೇಡಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ತೇವ ಸಿಕ್ಕರೆ ಆಸಿಡ್. ನಾವು ಒಂದು ಬ್ಯಾಚ್ ಕೇಬಲ್ ಟ್ಯಾಗ್ ಮಾಡಿದೆವು, "ಬರೀ ಪ್ಲಾಸ್ಟಿಕ್" ಅಂತ ಕೊಟ್ಟಿದ್ದರು. ಹದಿನೈದು ದಿನಕ್ಕೆ, ಲೆನ್ಸ್ ಹೊತ್ತ ಹೆಡ್ಡನ್ನು ಏರಿಸಿ ಇಳಿಸುವ ಕಂಬದ ಸ್ಕ್ರೂ ಕೆಂಪಗೆ ತುಕ್ಕು. ಗಂಟಲು ಉರಿ ಬೇರೆ.

ನಾಮಫಲಕ
ಗಾಲ್ವೋಗುರು ಹೇಳಿದ ಹಾಗೆ ಒಂಬತ್ತು ಚೌಕ ಹೊಡೆದೆ. ತಗಡು ತಿರುಗಿಸಿದರೂ ಮಸುಕು ಮಷಿನ್ನಿನ ಅದೇ ಮೂಲೆಯಲ್ಲೇ ಇದೆ. ಎಡ ಮೇಲಿನ ಮೂಲೆ ಚೆನ್ನಾಗಿದೆ, ನಡುವೆ ಪರವಾಗಿಲ್ಲ, ಬಲ ಕೆಳಗೆ ಬರುತ್ತಾ ಬರುತ್ತಾ ತಿಳಿಯಾಗುತ್ತದೆ. ಥಟ್ಟಂತ ಅಲ್ಲ, ನಿಧಾನಕ್ಕೆ.

ಗಾಲ್ವೋಗುರು
ನಿಧಾನಕ್ಕೆ ಅಂದರಲ್ಲ, ಅದು ಒಳ್ಳೆಯ ಸುದ್ದಿ. ಕೊಳೆ ಆದರೆ ಸಾಮಾನ್ಯವಾಗಿ ತೇಪೆ ತೇಪೆಯಾಗಿ ಇರುತ್ತದೆ. ಇಳಿಜಾರಿನ ಹಾಗೆ ತಿಳಿಯಾದರೆ ಬೆಡ್ ವಾಲಿದೆ. ಲೆವೆಲ್ ನೋಡಿ.

ಪೆನ್‌ಮಾರ್ಕ್
ಬೆಡ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಗುಳ್ಳೆ ನಡುವೆ ತನ್ನಿ, ಆಯಿತು.

ಹಳೇತಂತಿ
ಅಯ್ಯೋ ಬೇಡ. ಬೆಡ್ ಭೂಮಿಗೆ ಸಮ ಇದ್ದರೆ ಲೇಸರಿಗೆ ಏನು ಲಾಭ? ಲೆನ್ಸಿಗೆ ಸಮ ಇರಬೇಕು. ಹೆಡ್ಡೇ ವಾಲಿದ್ದರೆ? ನನ್ನ ಮಷಿನ್ ಇರುವ ಮೇಜೇ ಕುಂಟು, ಆದರೂ ಮಾರ್ಕಿಂಗ್ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬರುತ್ತದೆ. ಯಾಕಂದರೆ ಬೆಡ್ಡೂ ಹೆಡ್ಡೂ ಒಟ್ಟಿಗೇ ವಾಲಿವೆ.

ಲೆನ್ಸಿನ ಲೋಹದ ಬಳೆಯಿಂದ ಬೆಡ್ಡಿಗೆ ನಾಲ್ಕು ಕಡೆ ಅಳೆಯಿರಿ. ಗಾಜಿಗೆ ತಾಗಿಸದೆ. ಅದಕ್ಕಿಂತ ಖಾತ್ರಿ ಬೇಕಾದರೆ ಲೇಸರನ್ನೇ ಕೇಳಿ. ನಾಲ್ಕು ಮೂಲೆಯಲ್ಲೂ ಒಂದೊಂದು ಚಿಕ್ಕ ಚೌಕ ಸುಮ್ನೆ ಓಡಲಿ, ಕಂಬದ ಹಿಡಿ ತಿರುಗಿಸಿ ಹೆಡ್ಡನ್ನು ನಿಧಾನ ಇಳಿಸಿ. ಚಟಚಟ ಶಬ್ದ ಯಾವ ಎತ್ತರಕ್ಕೆ ಅತಿ ಜೋರಾಗುತ್ತದೋ ಅದೇ ಆ ಮೂಲೆಯ ಫೋಕಸ್. ನಾಲ್ಕೂ ಮೂಲೆಗೆ ಸ್ಕೇಲಿನಲ್ಲಿ ಒಂದೇ ಅಂಕೆ ಬರಬೇಕು. ಲೇಸರ್ ತಡೆಯುವ ಕನ್ನಡಕ ಹಾಕಿಕೊಂಡೇ ಮಾಡಿ, ಕಿವಿಯಿಂದ ಕೇಳುವುದಕ್ಕೆ ಕಣ್ಣು ಬೇಕಾಗಿಲ್ಲ.

ಕುತೂಹಲಿ
ಒಂದೆರಡು ಮಿಲಿಮೀಟರಿಗೆ ಅಷ್ಟೊಂದು ವ್ಯತ್ಯಾಸ ಆಗುತ್ತದಾ? ನಂಬೋಕೆ ಕಷ್ಟ.

ಹಳೇತಂತಿ
ಆಗುತ್ತದೆ. ಆ ಲೆನ್ಸಿನಲ್ಲಿ ಬೆಳಕಿನ ಚುಕ್ಕೆ ಹತ್ತಿರ ಹತ್ತಿರ 50 ಮೈಕ್ರಾನ್. ಫೋಕಸ್‌ನಿಂದ ಸುಮಾರು 1 ಮಿಲಿಮೀಟರ್ ಆಚೀಚೆ ಹೋದರೆ ಚುಕ್ಕೆಯ ವಿಸ್ತೀರ್ಣ ದುಪ್ಪಟ್ಟು, ಅಂದರೆ ತೀಕ್ಷ್ಣತೆ ಅರ್ಧ. 2 ಮಿಲಿಮೀಟರ್ ಹೋದರೆ ಐದರಲ್ಲಿ ಒಂದು ಪಾಲು. ನೀವು ಪವರ್ 40ರಿಂದ 90 ಮಾಡಿದರೂ ಅದು ತುಂಬುವುದಿಲ್ಲ.

ರಾತ್ರಿಪಾಳಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಫೈಬರ್ ಅಲ್ಲ, ಸಿಒ2 (ಕಾರ್ಬನ್ ಡೈಆಕ್ಸೈಡ್) ಲೇಸರ್, ಗಾಜಿನ ಟ್ಯೂಬು. ಮರ ಮತ್ತು ಅಕ್ರಿಲಿಕ್. ನಿಮ್ಮದೆಲ್ಲಾ ಗಾಳಿಯಲ್ಲಿ ತಣ್ಣಗಾಗುವ ಮಷಿನ್, ಪುಣ್ಯವಂತರು. ನನ್ನ ಗೋಳು ಪೂರಾ ನೀರಿನದ್ದು. ಹೋದ ವರ್ಷ, ಟ್ಯೂಬಿಗೆ ತಣ್ಣೀರು ಹರಿಸುವ ಚಿಲ್ಲರಿಗೆ ನಲ್ಲಿ ನೀರು ಹಾಕಿದೆ, "ಎರಡು ದಿನಕ್ಕೆ ತಾನೇ" ಅಂತ. ಆ ಎರಡು ದಿನ ಐದು ತಿಂಗಳಾಯಿತು. ಒಂದು ದಿನ ಟ್ಯೂಬ್ ನೋಡಿದರೆ ಒಳಗಿನ ನೀರು ಹಸಿರು, ಪೈಪಿನೊಳಗೆ ಪಾಚಿ ಜೋತಾಡುತ್ತಿದೆ. ಫ್ಲೋ ಕಡಿಮೆ ಆಗಿ ಅಲಾರಂ ಕೂಗುತ್ತಿತ್ತು. ನಾನು ಮಹಾಶಯ ಅಲಾರಂ ವೈರನ್ನೇ ಕಿತ್ತಿದ್ದೆ. ಟ್ಯೂಬ್ ಹೋಯಿತು.

ಸರ್ವಿಸ್‌ಬ್ಯಾಗ್
ಅಲಾರಂ ವೈರ್ ಕಿತ್ತವರ ಸಂಘ ಕಟ್ಟಿದರೆ ದೊಡ್ಡ ಸಂಘವೇ ಆಗುತ್ತದೆ. ಡಿಸ್ಟಿಲ್ಡ್ ನೀರು ಮಾತ್ರ. ನಲ್ಲಿ ನೀರಿನಲ್ಲಿ ಉಪ್ಪಿರುತ್ತದೆ, ಕರೆಂಟು ಹರಿಯುತ್ತದೆ, ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇದೆ ಅಂತ ನೆನಪಿರಲಿ. ಎರಡು ಮೂರು ತಿಂಗಳಿಗೆ ನೀರು ಬದಲಿಸಿ, ಬದಲಿಸಿದ ಮೇಲೆ ಟ್ಯೂಬಿನಲ್ಲಿ ಗಾಳಿಗುಳ್ಳೆ ನಿಂತಿಲ್ಲ ಅಂತ ನೋಡಿ. ಗುಳ್ಳೆ ನಿಂತ ಜಾಗದಲ್ಲಿ ಗಾಜು ಕಾದು ಬಿರಿಯುತ್ತದೆ. ಬೇಗ ತಣ್ಣಗಾಗಲಿ ಅಂತ ಚಿಲ್ಲರನ್ನು 10 ಡಿಗ್ರಿಗೆ ಇಡಬೇಡಿ. ಸೆಖೆಗಾಲದಲ್ಲಿ ಟ್ಯೂಬಿನ ಹೊರಗೆ ಬೆವರು ಕೂರುತ್ತದೆ, ತಣ್ಣೀರಿನ ಲೋಟಕ್ಕೆ ಕೂತ ಹಾಗೆ. ಆ ಬೆವರಿನ ಮೇಲೆ ಕಿಡಿ ಹಾರುತ್ತದೆ. 20ರ ಆಚೀಚೆ ಇರಲಿ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಒಂದೆರಡು ಡಿಗ್ರಿ ಮೇಲೆ.

ಕುತೂಹಲಿ
ಸಿಒ2 ಲೇಸರ್ ಕಂಡುಹಿಡಿದವರು ಕುಮಾರ್ ಪಟೇಲ್ ಅಂತ ಗೊತ್ತಾ? 1964ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಮೊದಲ ಲೇಸರ್ ಬಂದು ನಾಲ್ಕೇ ವರ್ಷ ಆಗಿತ್ತು.

ರಾತ್ರಿಪಾಳಿ
ಗೊತ್ತಿರಲಿಲ್ಲ. ಅವರು ಅಲಾರಂ ವೈರ್ ಕಿತ್ತಿರಲಿಕ್ಕಿಲ್ಲ ಬಿಡಿ.

ಅಂದಹಾಗೆ ಕನ್ನಡಕದ ಮಾತು ಬಂತು. ನನ್ನ ಹತ್ತಿರ ಸಿಒ2ಗೆ ಕೊಟ್ಟ, ಬಣ್ಣವಿಲ್ಲದ ಬಿಳಿ ಕನ್ನಡಕ ಎರಡು ಜೊತೆ ಇದೆ. ನಾಮಫಲಕ ಅವರಿಗೆ ಬೇಕಾದರೆ ಅದೇ ಥರದ್ದು ತಗೊಳ್ಳಬಹುದು, ಕಣ್ಣಿಗೆ ಹಗುರ.

ಮಾಪಕ
ಬೇಡ ಬೇಡ ಬೇಡ. ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಸಿಒ2 ಬೆಳಕು 10.6 ಮೈಕ್ರಾನ್, ಅದನ್ನು ಬಿಳಿ ಪಾಲಿಕಾರ್ಬೊನೇಟ್ ತಡೆಯುತ್ತದೆ. ಫೈಬರ್ ಬೆಳಕು 1064 ನ್ಯಾನೋಮೀಟರ್, ಅದು ಅದೇ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸಲೀಸಾಗಿ ದಾಟಿ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಲೆನ್ಸೇ ಅದನ್ನು ಕೂಡಿಸಿ ರೆಟಿನಾದ ಮೇಲೆ ಚುಕ್ಕೆ ಮಾಡುತ್ತದೆ. ಕನ್ನಡಕದ ಅಂಚಿನಲ್ಲಿ 1064 ಅಂತ ಅಚ್ಚು ಇರಬೇಕು, ಪಕ್ಕದಲ್ಲಿ ಬೆಳಕನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಒಡಿ (OD) ಅಂಕೆ ಇರಬೇಕು. ಇಲ್ಲದಿದ್ದರೆ ಅದು ಬಿಸಿಲಿಗೆ ಹಾಕುವ ಕನ್ನಡಕ.

ರಾತ್ರಿಪಾಳಿ
ಕ್ಷಮಿಸಿ, ಗೊತ್ತಿಲ್ಲದೆ ಹೇಳಿದೆ. ಅಳಿಸುವುದಿಲ್ಲ, ಮಾಪಕ ಅವರ ಉತ್ತರ ಇರಲಿ ಅಂತ.

ಹಳೇತಂತಿ
ಗಾಳಿಯಲ್ಲಿ ತಣ್ಣಗಾಗುವವರೂ ಬೀಗಬೇಡಿ. ಸೋರ್ಸ್ ಡಬ್ಬಿಯ ಹಿಂದೆ ಫ್ಯಾನ್ ಇದೆಯಲ್ಲ, ಅದರ ಜಾಲರಿ ಯಾರು ನೋಡುತ್ತೀರಿ? ಒಂದು ಕಡೆ ನಾನು ತೆಗೆದಾಗ ಧೂಳು ಕಂಬಳಿಯ ಹಾಗೆ ಒಂದೇ ತುಂಡಾಗಿ ಸುಲಿದು ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಮಷಿನ್ ನಿಂತುಬಿಡುತ್ತದೆ, ಸಂಜೆ ಸರಿಯಾಗುತ್ತದೆ ಅಂತ ಅವರ ದೂರು. ಎಸ್‌ಎಂಪಿಎಸ್ (ಪವರ್ ಸಪ್ಲೈ) ಪಕ್ಕ ಒಂದು ಹಲ್ಲಿ ಸತ್ತು ಒಣಗಿತ್ತು, ಅದರ ಮಾತು ಬೇರೆ.

ಅರ್ಥಿಂಗೂ ನೋಡಿಸಿ. ಅಕ್ಷರ ನಡುಗಿದ ಹಾಗೆ ಬರುವುದು, ನಡುವೆ ಯುಎಸ್‌ಬಿ ಕಡಿದುಹೋಗುವುದು, ಇದಕ್ಕೆಲ್ಲಾ ಎಷ್ಟೋ ಸಲ ಕಾರಣ ಸಡಿಲ ಅರ್ಥಿಂಗ್. ಯುಎಸ್‌ಬಿ ವೈರನ್ನು ಪವರ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಸೋರ್ಸಿನಿಂದ ಹೆಡ್ಡಿಗೆ ಬರುವ ಹಳದಿ ಇಲ್ಲ ಕಪ್ಪು ಕೊಳವೆ ಇದೆಯಲ್ಲ, ಒಳಗಿರುವುದು ಗಾಜಿನ ಎಳೆ. ಅದನ್ನು ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಬೇಡಿ.

ಗಾಲ್ವೋಗುರು
ಹೊಳೆಯುವ ಹಿತ್ತಾಳೆ, ತಾಮ್ರ ಹೊಡೆಯುವವರಿಗೆ ಒಂದು ಮಾತು. ಕನ್ನಡಿಯ ಹಾಗೆ ಇರುವ ತಗಡನ್ನು ಲೆನ್ಸಿನ ನೇರ ಕೆಳಗೆ, ಫೀಲ್ಡಿನ ನಟ್ಟನಡುವೆ ಇಡಬೇಡಿ. ಬೆಳಕು ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಸೋರ್ಸಿನಲ್ಲಿ ಅದನ್ನು ತಡೆಯುವ ಐಸೊಲೇಟರ್ ಇರುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಜಾಬನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ಇಲ್ಲ ಒಂದೆರಡು ಡಿಗ್ರಿ ವಾಲಿಸಿ. ನಿಜವಾಗಿ ಸೋರ್ಸ್ ಕೆಡುವುದು ಹೀಗೆ, ವಯಸ್ಸಾಗಿ ಅಲ್ಲ. ಫೈಬರ್ ಸೋರ್ಸಿಗೆ ತಯಾರಕರು ಸಾಮಾನ್ಯವಾಗಿ 1,00,000 ಗಂಟೆ ಅಂತ ಬರೆಯುತ್ತಾರೆ. ಅದರಲ್ಲಿ ಅರ್ಧ ಸುಳ್ಳು ಅಂತಲೇ ಇಟ್ಟುಕೊಳ್ಳಿ, ಮೂರು ವರ್ಷ ಹಗಲು ರಾತ್ರಿ ನಿಲ್ಲಿಸದೆ ಓಡಿಸಿದರೂ 26,000 ಗಂಟೆ ಚಿಲ್ಲರೆ.

ನಾಮಫಲಕ
ಸಿಕ್ಕಿತು! ಹಳೇತಂತಿ ಹೇಳಿದ ಹಾಗೆ ಶಬ್ದ ಕೇಳಿ ನಾಲ್ಕು ಮೂಲೆ ನೋಡಿದೆ. ಎಡ ಮೇಲೆ ಸ್ಕೇಲಿನಲ್ಲಿ 212, ಬಲ ಕೆಳಗೆ ಬರುವಾಗ 210. ಎರಡು ಮಿಲಿಮೀಟರ್. ಬೆಡ್ ಎತ್ತಿ ನೋಡಿದರೆ ಬಲಗಡೆ ಮುಂದಿನ ಅಲನ್ ಬೋಲ್ಟ್ ಬೆರಳಲ್ಲೇ ತಿರುಗುತ್ತಿದೆ. ಯೋಚನೆ ಮಾಡಿದರೆ ಎರಡು ತಿಂಗಳ ಹಿಂದೆ ಒಂದು ಭಾರದ ವೈಸ್ ಅದೇ ಮೂಲೆಯ ಮೇಲೆ ಧಡ್ ಅಂತ ಇಟ್ಟಿದ್ದೆ. ಕೆಳಗೆ ತೆಳು ಪಟ್ಟಿ ಕೊಟ್ಟು ಬಿಗಿ ಮಾಡಿದೆ. ಈಗ ನಾಲ್ಕೂ ಕಡೆ 212.

ಪ್ಲಗ್ ಕಿತ್ತು, ಟಾರ್ಚ್ ಓರೆ ಹಿಡಿದು ಲೆನ್ಸೂ ನೋಡಿದೆ. ಇಡೀ ಗಾಜಿನ ಮೇಲೆ ತೆಳು ಪೊರೆ ಇತ್ತು. ಸರ್ವಿಸ್‌ಬ್ಯಾಗ್ ಮತ್ತು ಗಾಲ್ವೋಗುರು ಹೇಳಿದ ಹಾಗೆಯೇ ಮಾಡಿದೆ, ಏಳು ಟಿಶ್ಯೂ ಖರ್ಚು. ಪೊರೆ ಹೋಯಿತು. ಆದರೆ ಬಟ್ಟೆಯಲ್ಲಿ ಒರೆಸಿದ ಎರಡು ಕಮಾನಿನ ಗೆರೆ ಹಾಗೇ ಇವೆ, ಅಂಚಿನ ಹತ್ತಿರ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ ಇದೆ.

ಈಗ 45 ಪರ್ಸೆಂಟಿನಲ್ಲಿ ಒಂಬತ್ತೂ ಪ್ಲೇಟು ಒಂದೇ ಥರ ಬರುತ್ತಿವೆ. ಸೋರ್ಸ್ ಅಂತೆ ಸೋರ್ಸ್!

ಸರ್ವಿಸ್‌ಬ್ಯಾಗ್
ಆ ಬಿಳಿ ಚುಕ್ಕೆ ಕೋಟಿಂಗ್ ಸುಟ್ಟದ್ದು. ಒರೆಸಿದರೆ ಹೋಗುವುದಿಲ್ಲ, ಪ್ರಯತ್ನವೂ ಬೇಡ. ಅಲ್ಲಿ ಶಾಖ ಕೂತು ನಿಧಾನ ದೊಡ್ಡದಾಗಬಹುದು. ಒಂದು ಲೆನ್ಸ್ ತಂದಿಟ್ಟುಕೊಳ್ಳಿ, ಈಗಲೇ ಹಾಕಬೇಡಿ. ಹಾಕುವ ದಿನ ಹಳೇ ಲೆನ್ಸ್ ಬಿಚ್ಚಿದ ಕೂಡಲೇ ಹೆಡ್ಡಿನ ಬಾಯಿಗೆ ಸ್ವಚ್ಛವಾದ ಮುಚ್ಚಳ ಹಾಕಿ. ಒಳಗೆ ಗಾಲ್ವೋ ಕನ್ನಡಿಗಳು ಬರಿದಾಗಿ ಇರುತ್ತವೆ. ಅವುಗಳ ಮೇಲೆ ಧೂಳು ಕಂಡರೂ ರಬ್ಬರ್ ಬುರುಡೆಯ ಗಾಳಿ ಅಷ್ಟೇ, ಬೆರಳು ಟಿಶ್ಯೂ ಏನೂ ಬೇಡ. ಆ ಕನ್ನಡಿ ಒಂದು ತೆಳು ಕಡ್ಡಿಯ ತುದಿಯಲ್ಲಿ ಕೂತಿದೆ, ತಳ್ಳಿದರೆ ಅಲ್ಲಿಗೆ ಮುಗಿಯಿತು.

ಮಾಪಕ
ಈಗ ನನ್ನ ಪುರಾಣ ಕೇಳಿ. ಇಲ್ಲಿ ಬಂದ ಅರ್ಧ ಪ್ರಶ್ನೆಗಳಿಗೆ ಉತ್ತರ ಒಂದು ತಗಡಿನಲ್ಲಿದೆ. ಮಷಿನ್ ಚೆನ್ನಾಗಿರುವ ದಿನ, ಅಂದರೆ ನಾಮಫಲಕ ಅವರೇ ಇವತ್ತೇ, ಆ ಒಂಬತ್ತು ಚೌಕವನ್ನು ಒಂದು ಅನೋಡೈಸ್ ತಗಡಿಗೆ ಹೊಡೆಯಿರಿ. ಪವರ್, ಸ್ಪೀಡ್, ಫ್ರೀಕ್ವೆನ್ಸಿ, ಸ್ಕೇಲಿನ ಅಂಕೆ, ತಾರೀಖು ಎಲ್ಲಾ ಅದರ ಮೇಲೇ ಮಾರ್ಕ್ ಮಾಡಿ ಗೋಡೆಗೆ ತೂಗುಹಾಕಿ. ಪ್ರತಿ ತಿಂಗಳು ಅದೇ ಫೈಲ್, ಅದೇ ಸೆಟ್ಟಿಂಗ್, ಹೊಸ ತಗಡು. ಎರಡನ್ನೂ ಪಕ್ಕಪಕ್ಕ ಹಿಡಿಯಿರಿ. ಒಂದೇ ಥರ ಇದ್ದರೆ ಲೆನ್ಸ್ ಮುಟ್ಟುವ ಅಗತ್ಯವೇ ಇಲ್ಲ. ಚೌಕದ ಬದಿಯನ್ನು ವರ್ನಿಯರ್‌ನಲ್ಲಿ ಅಳೆದರೆ ಗಾಲ್ವೋ ಜಾರಿದೆಯಾ ಅನ್ನುವುದೂ ತಿಳಿಯುತ್ತದೆ. 10 ಮಿಲಿಮೀಟರ್ 10.2 ಆಗಿದ್ದರೆ ಮೊದಲು ಎತ್ತರ ನೋಡಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಲೆನ್ಸ್ ಕರೆಕ್ಷನ್ ಅಂಕೆ.

ನಿಮ್ಮ ತೊಂದರೆ ಬೋಲ್ಟು ಅಲ್ಲ, ಕೋಪ ಮಾಡಿಕೊಳ್ಳಬೇಡಿ. 40ರಿಂದ 55 ಮಾಡಿದ ದಿನ ಯಾಕೆ ಅಂತ ಕೇಳದೆ ಮಾಡಿದಿರಲ್ಲ, ಅದು.

ನಾಮಫಲಕ
ಕೋಪ ಇಲ್ಲ. ಆ ಮಾತು ನನಗೇ ಎರಡು ದಿನದಿಂದ ಚುಚ್ಚುತ್ತಿದೆ.

ಕುತೂಹಲಿ
ಹೊಡೆದ ಸೆಟ್ಟಿಂಗ್ ತಗಡಿನ ಮೇಲೆ ಇದ್ದರೆ ಇನ್ನೊಂದು ಲಾಭ. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋದಾಗ ಎಲ್ಲಾ ಹೋಯಿತು. ಫಾಂಟು, ಟೆಂಪ್ಲೇಟು, ಎಲ್ಲಕ್ಕಿಂತ ಮುಖ್ಯ ಲೆನ್ಸ್ ಕರೆಕ್ಷನ್ ಅಂಕೆಗಳು. ಹೊಸ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿದರೆ ಚೌಕ ದಿಂಬಿನ ಆಕಾರ, ಬರಹ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು. ಎರಡು ದಿನ ಹಿಡಿಯಿತು ಸರಿಮಾಡಲು. ಈಝಿಕ್ಯಾಡ್ ಅನ್ನುವ ಮಾರ್ಕಿಂಗ್ ಸಾಫ್ಟ್‌ವೇರ್ ಇರುವವರು ಆ ಫೋಲ್ಡರನ್ನೇ ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡಿಡಿ, ಸೆಟ್ಟಿಂಗ್ ಫೈಲ್ ಅದರೊಳಗೇ ಇರುತ್ತದೆ.

ಹೊಗೆಬಂಡಿ
ಕಂಬದ ಸ್ಕ್ರೂಗೆ ಗ್ರೀಸ್ ಯಾರೂ ಹೇಳಲಿಲ್ಲ. ಹಳೇದನ್ನು ಒರೆಸಿ ತೆಗೆದು ಹೊಸದು ಸ್ವಲ್ಪವೇ ಹಚ್ಚಿ. ಮೇಲೆ ಮೇಲೆ ಬಳಿದರೆ ಲೋಹದ ಪುಡಿ ಸೇರಿ ಉಪ್ಪುಕಾಗದ ಆಗುತ್ತದೆ. ಕೈ ತೊಳೆದು ಲೆನ್ಸ್ ಹತ್ತಿರ ಹೋಗಿ ಅಂತ ಹೇಳಬೇಕಾಗಿಲ್ಲ ಅಲ್ವಾ?

ಪೆನ್‌ಮಾರ್ಕ್
ಹೇಳಬೇಕು. ಹೇಳಿದ್ದು ಒಳ್ಳೆಯದಾಯಿತು.

ನಾಮಫಲಕ
ಮಾಪಕ ಅವರ ತಗಡು ಹೊಡೆದೆ, ಫೋಟೋ ಹಾಕಿದ್ದೇನೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೂ ಆಯಿತು. ಎಲ್ಲರಿಗೂ ಥ್ಯಾಂಕ್ಸ್, ದೊಡ್ಡ ಖರ್ಚು ಉಳಿಸಿದಿರಿ.

ಮಾಪಕ
ಚೌಕಗಳು ಚಂದ ಬಂದಿವೆ. ಆದರೆ ಕೆಳಗೆ ತಾರೀಖು 2009ರ ಜನವರಿ 1 ಅಂತ ಇದೆಯಲ್ಲ?

ನಾಮಫಲಕ
ಅದು ನಾನು ಟೈಪ್ ಮಾಡಿದ್ದಲ್ಲ, ಕಂಪ್ಯೂಟರ್ ಗಡಿಯಾರದಿಂದ ತಾನೇ ತಗೊಳ್ಳುತ್ತದೆ.

ಹಳೇತಂತಿ
ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಇಷ್ಟು ದಿನ ಪ್ಲಗ್ ಯಾವತ್ತೂ ಕಿತ್ತಿರಲಿಲ್ಲ, ಅದಕ್ಕೇ ಗಡಿಯಾರ ನಡೆಯುತ್ತಿತ್ತು. ಲೆನ್ಸ್ ಒರೆಸಲು ಕಿತ್ತಿರಿ, ಗಡಿಯಾರ ಹುಟ್ಟಿದ ದಿನಕ್ಕೆ ಹೋಯಿತು. ಸೆಲ್ ಬದಲಿಸಿ, ಐದು ನಿಮಿಷದ ಕೆಲಸ.

ಸರ್ವಿಸ್‌ಬ್ಯಾಗ್
ಒಂದು ನಿಮಿಷ. ನಿಮ್ಮ ಪ್ಲೇಟಿನ ಮೇಲೆ ಸೀರಿಯಲ್ ನಂಬರಿನ ಜೊತೆ ತಾರೀಖೂ ಇರುತ್ತದೆ ಅಂದಿರಿ ಅಲ್ವಾ? ಪ್ಲಗ್ ವಾಪಸ್ ಹಾಕಿದ ಮೇಲೆ ಎಷ್ಟು ಪ್ಲೇಟು ಹೊಡೆದಿರಿ?

ನಾಮಫಲಕ
ತಡೀರಿ. ಪ್ಯಾಕಿಂಗ್‌ನವರು ಡಬ್ಬ ಮುಚ್ಚುವ ಮೊದಲು ಓಡಿಹೋಗಿ ನೋಡಿ ಬರುತ್ತೇನೆ.